ಆಂಬುಲೆನ್ಸ್ ಸಿಬ್ಬಂದಿಗೆ ಎರಡೇ ದಿನದ ತರಬೇತಿ: ಏನು ಕಲಿಸೋದು, ಏನು ಬಿಡೋದು?

ಪ್ರಶ್ನೆ: ಎರಡು ಆಂಬುಲೆನ್ಸ್, ಡ್ರೈವರ್‌ಗಳೂ ಸಹಾಯಕರೂ ಸೇರಿ 12 ಜನ. ಕೆಲವರಿಗೆ ಓದುಬರಹ ಅಷ್ಟಕ್ಕಷ್ಟೆ. ಆಸ್ಪತ್ರೆ ಮುಟ್ಟೋಕೆ ಒಂದು ಗಂಟೆಗೂ ಹೆಚ್ಚು. ಇರೋದು ಒಂದು ಹಳೇ ಡಮ್ಮಿ (ಅಭ್ಯಾಸದ ಗೊಂಬೆ), ಎರಡು ಆಂಬು ಬ್ಯಾಗ್ (ಮಾಸ್ಕ್ ಇಟ್ಟು ಕೈಯಲ್ಲಿ ಹಿಂಡಿ ಉಸಿರು ಕೊಡೋ ಚೀಲ), ಗಾಡಿಗೊಂದು ಆಕ್ಸಿಜನ್ ಸಿಲಿಂಡರ್. ಯಾವುದು ಮೊದಲು? ಕಲಿತದ್ದು ಉಳಿಯೋಕೆ ಏನು ಮಾಡಬೇಕು? ಗೊತ್ತಿರುವವರು ತಿಳಿಸಿ.

ಉತ್ತರ 1: ನಾಲ್ಕೇ ವಿಷಯ ಇಟ್ಕೊಳ್ಳಿ: ರಕ್ತಸ್ರಾವ ನಿಲ್ಲಿಸೋದು, ಆಂಬು ಬ್ಯಾಗ್‌ನಲ್ಲಿ ಉಸಿರು ಕೊಡೋದು, ಸಿಪಿಆರ್ (ಹೃದಯ ನಿಂತವರಿಗೆ ಎದೆ ಒತ್ತಿ ಉಸಿರು ಕೊಡೋದು), ದಾರಿಯಲ್ಲಾಗೋ ಹೆರಿಗೆ. ಮೂಳೆಗಳ ಹೆಸರು, ಹೃದಯದ ಚಿತ್ರ ಎಲ್ಲ ಬಿಡಿ. ಗಿಳಿಪಾಠ ಒಪ್ಪಿಸಿದ ಮಾತ್ರಕ್ಕೆ ಕೈ ಓಡಲ್ಲ.

ಒಬ್ಬ ತರಬೇತುದಾರರಿಗೆ ಆರು ಜನ ಸಾಕು. ಹೆಚ್ಚಾದರೆ ಹಿಂದೆ ನಿಂತವರು ಬರೀ ನೋಡ್ತಾರೆ. ಪ್ರತಿಯೊಂದನ್ನೂ ನಾಲ್ಕು ಸಲ ಮಾಡಿಸಿ. ಮೊದಲು ಮಾತಾಡದೆ ನಿಜವಾದ ವೇಗದಲ್ಲಿ ಮಾಡಿ ತೋರಿಸಿ. ಎರಡನೇ ಸಲ ನಿಧಾನವಾಗಿ, ವಿವರಿಸ್ತಾ. ಮೂರನೇ ಸಲ ಕಲಿಯುವವರು ಹೇಳಬೇಕು, ನೀವು ಅವರು ಹೇಳಿದ್ದನ್ನಷ್ಟೇ ಮಾಡಬೇಕು. ನಾಲ್ಕನೇ ಸಲ ಅವರೇ. ಹೊತ್ತಾಯಿತು ಅಂತ ಎಲ್ಲರೂ ಹಾರಿಸೋದು ಮೂರನೆಯದನ್ನೇ, ಆದರೆ ಯಾರಿಗೆ ಯಾವ ಹಂತ ತಲೆಗೆ ಹೋಗಿಲ್ಲ ಅನ್ನೋದು ಸಿಕ್ಕಿಬೀಳೋದು ಅಲ್ಲೇ. ಓದು ಬಾರದವರೂ ಇದರಲ್ಲಿ ಹಿಂದೆ ಬೀಳಲ್ಲ.

ಉತ್ತರ 2: ಆ ಒಂದು ಡಮ್ಮಿಯನ್ನು ಎದೆ ಒತ್ತೋಕೆ ಸವೆಸಬೇಡಿ, ಉಸಿರಿನ ಅಭ್ಯಾಸಕ್ಕೇ ಮೀಸಲಿಡಿ. ಎದೆಗೆ ಗಟ್ಟಿ ಫೋಮ್ ನಡೆಯುತ್ತೆ. ಸುಮಾರು 15 ಸೆಂ.ಮೀ. ದಪ್ಪ ಬರುವಷ್ಟು ಹಳೇ ಶರ್ಟಿಗೆ ತುರುಕಿ, ನೆಲದ ಮೇಲಿಟ್ಟು, ಪಕ್ಕದಲ್ಲಿ ಸ್ಕೇಲ್ ನಿಲ್ಲಿಸಿ. ದೊಡ್ಡವರಿಗೆ 5ರಿಂದ 6 ಸೆಂ.ಮೀ. ತಗ್ಗಬೇಕು, ನಿಮಿಷಕ್ಕೆ 100ರಿಂದ 120 ಸಲ, ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಬೇಕು. 30 ಒತ್ತಿಗೆ 2 ಉಸಿರು. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಲಿ. ದಣಿದವನಿಗೆ ತನ್ನ ಒತ್ತು ಕಮ್ಮಿಯಾದದ್ದು ಗೊತ್ತಾಗಲ್ಲ, ಸ್ಕೇಲ್ ನೋಡ್ತಾ ಕೂತವನಿಗೆ ಗೊತ್ತಾಗುತ್ತೆ.

ಆಂಬು ಬ್ಯಾಗನ್ನು ಇಬ್ಬರ ಕೆಲಸ ಅಂತಲೇ ಕಲಿಸಿ. ತಲೆಯ ಕಡೆ ಇರುವವರು ಎರಡೂ ಕೈಯಲ್ಲಿ ಮಾಸ್ಕ್ ಹಿಡಿಯಲಿ: ಹೆಬ್ಬೆರಳು ಮಾಸ್ಕಿನ ಮೇಲೆ, ಉಳಿದ ಬೆರಳುಗಳು ದವಡೆ ಮೂಳೆಗೆ. ಮಾಸ್ಕನ್ನು ಮುಖಕ್ಕೆ ಅದುಮೋದಲ್ಲ, ದವಡೆಯನ್ನು ಮಾಸ್ಕಿಗೆ ಎತ್ತೋದು. ಬೆರಳು ಗದ್ದದ ಕೆಳಗಿನ ಮೆತ್ತನೆ ಜಾಗಕ್ಕೆ ಒತ್ತಿದರೆ ನಾಲಿಗೆ ಹಿಂದೆ ಸರಿದು ದಾರಿಯೇ ಮುಚ್ಚುತ್ತೆ. ದೊಡ್ಡವರ ಬ್ಯಾಗ್ ಸುಮಾರು 1.5 ಲೀಟರಿನದು, ಒಂದು ಉಸಿರಿಗೆ ಬೇಕಾದದ್ದು 500ರಿಂದ 600 ಎಂ.ಎಲ್. ಪೂರ್ತಿ ಹಿಂಡಬಾರದು, ಎದೆ ಏಳೋದು ಕಂಡ ಕೂಡಲೇ ಬಿಡಬೇಕು. ನಾಡಿ ಇದ್ದು ಉಸಿರಿಲ್ಲದವರಿಗೆ ಆರು ಸೆಕೆಂಡಿಗೊಂದು ಉಸಿರು. ಗಾಬರಿಯಲ್ಲಿ ಪಟಪಟ ಹಿಂಡಿದರೆ ಗಾಳಿ ಹೊಟ್ಟೆ ಸೇರಿ ವಾಂತಿಯಾಗುತ್ತೆ, ಅದು ಶ್ವಾಸಕೋಶಕ್ಕೆ ಇಳಿಯುತ್ತೆ. ಬಾಯಿಬಿಟ್ಟು ಆರರವರೆಗೆ ಎಣಿಸೋ ಅಭ್ಯಾಸ ಮಾಡಿಸಿ.

ಉತ್ತರ 3: ರಕ್ತಸ್ರಾವ ನಿಲ್ಲಿಸೋ ಅಭ್ಯಾಸಕ್ಕೆ ಸ್ಪಾಂಜಿನ ದಪ್ಪ ತುಂಡು ತಗೊಂಡು 5 ಸೆಂ.ಮೀ. ಆಳಕ್ಕೆ ಸೀಳಿ. ಕೆಳಗಿನಿಂದ ಡ್ರಿಪ್ ಟ್ಯೂಬ್ ತೂರಿಸಿ, ತುದಿ ಸೀಳಿನ ತಳದಲ್ಲಿ ತೆರೆಯಲಿ. ಇನ್ನೊಂದು ತುದಿಗೆ ಕೆಂಪು ನೀರು ತುಂಬಿದ ಸಲೈನ್ ಚೀಲ; ಒಬ್ಬರು ಅದನ್ನು ನಾಡಿಯ ಹಾಗೆ ಅದುಮ್ತಾ ಇರಲಿ. ಮೊದಲ ಸಲ ಎಲ್ಲರೂ ಗಾಜ್ ಬಟ್ಟೆಯನ್ನು ಸೀಳಿನ ಬಾಯಿಗಷ್ಟೇ ತುಂಬ್ತಾರೆ. ಅರೆಕ್ಷಣ ನಿಂತ ಹಾಗೆ ಕಂಡು, ಆಮೇಲೆ ಅಂಚಿನಿಂದ ಜಿನುಗುತ್ತೆ. ಬೆರಳಿನಿಂದ ಟ್ಯೂಬಿನ ತುದಿ ಹುಡುಕಿ, ಬಟ್ಟೆಯನ್ನು ಅಲ್ಲಿಂದಲೇ ತುಂಬ್ತಾ ಬಂದಾಗ ನಿಲ್ಲುತ್ತೆ. ಆಮೇಲೆ ಮೈಭಾರ ಹಾಕಿ 10 ನಿಮಿಷ ಒತ್ತಬೇಕು, ನಡುವೆ ಎತ್ತಿ ನೋಡೋ ಹಾಗಿಲ್ಲ.

ಕೈಕಾಲಿನಲ್ಲಿ ರಕ್ತ ಚಿಮ್ತಿದ್ದರೆ ಟೂರ್ನಿಕೆ (ರಕ್ತ ನಿಲ್ಲೋ ಹಾಗೆ ಬಿಗಿಯೋ ಪಟ್ಟಿ): ಗಾಯಕ್ಕಿಂತ 5ರಿಂದ 7 ಸೆಂ.ಮೀ. ಮೇಲೆ, ಕೀಲಿನ ಮೇಲಲ್ಲ. ಅದು ಇಲ್ಲದಿದ್ದರೆ ಕನಿಷ್ಠ 4 ಸೆಂ.ಮೀ. ಅಗಲದ ಬಟ್ಟೆ, ತಿರುಚೋಕೆ ಗಟ್ಟಿ ಕೋಲು. ಹಗ್ಗ, ತಂತಿ ಬೇಡ, ನರಕ್ಕೆ ಪೆಟ್ಟಾಗುತ್ತೆ. ಅರೆಬರೆ ಬಿಗಿದರೆ ರಕ್ತ ಮೇಲೆ ಹೋಗೋ ದಾರಿ ಮಾತ್ರ ಮುಚ್ಚಿ, ಕೆಳಗೆ ಬರೋದು ಬರ್ತಾನೇ ಇರುತ್ತೆ, ಸ್ರಾವ ಇನ್ನೂ ಜೋರಾಗುತ್ತೆ. ರೋಗಿ ನೋವಿಗೆ ಕೂಗಿದರೂ ಸಡಿಲಿಸಬಾರದು. ಕಟ್ಟಿದ ಹೊತ್ತನ್ನು ಕಾಣುವ ಹಾಗೆ ಬರೆಯಿರಿ.

ಉತ್ತರ 4: ಮೇಲಿನದೆಲ್ಲ ಸರಿ, ಆದರೆ ಎರಡನೇ ದಿನ ಪೂರ್ತಿ ಗಾಡಿಯೊಳಗೇ ನಡೀಲಿ. ಕೋಣೆಯಲ್ಲಿ ಸಲೀಸಾಗಿ ಮಾಡಿದವರು ಗಾಡಿಯಲ್ಲಿ ಮಾಸ್ಕ್ ಯಾವ ಡಬ್ಬದಲ್ಲಿದೆ ಅಂತ ತಡಕಾಡ್ತಾರೆ. ಕಣ್ಣಿಗೆ ಬಟ್ಟೆ ಕಟ್ಟಿ ಸಾಮಾನು ತೆಗೆಸಿ.

ಆಕ್ಸಿಜನ್ ಲೆಕ್ಕ ಡ್ರೈವರಿಗೂ ಬರಬೇಕು. ತುಂಬಿದ ಸಿಲಿಂಡರಿನಲ್ಲಿ 1,500 ಲೀಟರ್ ಇದ್ದು ನಿಮಿಷಕ್ಕೆ 10 ಲೀಟರ್ ಬಿಟ್ಟರೆ 150 ನಿಮಿಷ. ಮೀಟರ್ ಅರ್ಧ ತೋರಿಸ್ತಿದ್ದರೆ 75. ಗಂಟೆ ದಾರಿಗೆ ಅದು ಅಂಚಿನ ಲೆಕ್ಕ, ಆಗಲೇ ಬದಲಿಸಬೇಕು. ರೆಗ್ಯುಲೇಟರಿಗೆ ಎಣ್ಣೆ, ಗ್ರೀಸ್ ತಾಗಿಸಲೇಬಾರದು, ಬೆಂಕಿ ಹೊತ್ತುತ್ತೆ. ಸಕ್ಷನ್ (ಬಾಯಿಯ ವಾಂತಿ, ರಕ್ತ ಹೀರಿ ತೆಗೆಯೋ ಯಂತ್ರ) ಇದ್ದರೆ ದಿನಾ ಟ್ಯೂಬ್ ಮಡಚಿ ಹಿಡಿದು ನೋಡಿ: ನಾಲ್ಕು ಸೆಕೆಂಡಿನಲ್ಲಿ ಮುಳ್ಳು 300 ಎಂಎಂ ಎಚ್‌ಜಿ (ಒತ್ತಡದ ಅಳತೆ) ದಾಟದಿದ್ದರೆ ಎಲ್ಲೋ ಸೋರ್ತಿದೆ, ಹೆಚ್ಚಾಗಿ ಜಾಡಿಯ ಮುಚ್ಚಳದಲ್ಲಿ.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರ. ಹೆರಿಗೆ ಬಗ್ಗೆ ಯಾರೂ ಬಿಡಿಸಿ ಹೇಳಲಿಲ್ಲ.

ಉತ್ತರ 5: ಮೊದಲು ನೋಡಿ, ಆ ಎರಡು ಬ್ಯಾಗಿನಲ್ಲಿ ಒಂದಾದರೂ ನವಜಾತ ಶಿಶುವಿನದೇ? ಅಲ್ಲದಿದ್ದರೆ ಬೇರೇನೂ ಕೊಳ್ಳೋ ಮೊದಲು ಅದನ್ನು ಕೊಳ್ಳಿ. ಮಗು ಹುಟ್ಟಿದ ಕೂಡಲೇ ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಒದ್ದೆ ಬಟ್ಟೆ ಬಿಸಾಕಿ, ತಾಯಿಯ ಬರಿಮೈಗೆ ಹಾಕಿ ಹೊದಿಸಿ. ಉಸಿರಾಡದಿದ್ದರೆ ಬೆನ್ನು ಉಜ್ಜಿ. ಆಗಲೂ ಇಲ್ಲದಿದ್ದರೆ ಹುಟ್ಟಿದ ಒಂದು ನಿಮಿಷದೊಳಗೆ ಬ್ಯಾಗ್ ಶುರುವಾಗಬೇಕು, ನಿಮಿಷಕ್ಕೆ 40ರಿಂದ 60. ಶುರುವಿಗೆ ಬರೀ ಗಾಳಿ ಸಾಕು, ಆಕ್ಸಿಜನ್ ಹುಡುಕ್ತಾ ಕೂರಬೇಡಿ. ದೊಡ್ಡವರಿಗೆ ಮಾಡೋ ಹಾಗೆ ತಲೆ ತೀರಾ ಹಿಂದಕ್ಕೆ ವಾಲಿಸಿದರೆ ಮಗುವಿನ ದಾರಿ ಮುಚ್ಚುತ್ತೆ. ಭುಜದಡಿ ತೆಳುವಾಗಿ ಮಡಚಿದ ಬಟ್ಟೆ ಇಡಿ.

ತಾಯಿಗೆ ಹೋದ ರಕ್ತ 500 ಎಂ.ಎಲ್. ದಾಟಿದರೆ ಅದು ಅತಿಸ್ರಾವ. ಆ ಅಂದಾಜು ಬರೋಕೆ ಅಷ್ಟೇ ಕೆಂಪು ನೀರನ್ನು ಹಾಸಿದ ಬಟ್ಟೆಗೆ ಸುರಿದು, ಎಷ್ಟಿದೆ ಅಂತ ಒಬ್ಬೊಬ್ಬರನ್ನೇ ಕೇಳಿ. ಹೊಕ್ಕುಳಬಳ್ಳಿ ಎಳೆಯಬಾರದು. ಕಸ (ಮಾಸು) ಬಿದ್ದ ಮೇಲೆ ಹೊಟ್ಟೆ ಮೆತ್ತಗಿದ್ದರೆ ಹೊಕ್ಕುಳಿನ ಕೆಳಗೆ ಗರ್ಭಕೋಶ ಗಟ್ಟಿಯಾಗೋವರೆಗೂ ಉಜ್ಜಬೇಕು.

ಉತ್ತರ 1 ಕೊಟ್ಟವರು: ಉಳಿಯೋ ವಿಷಯ. ಕೈಗೆ ಬಂದದ್ದು ಕೆಲವೇ ತಿಂಗಳಲ್ಲಿ ಮಾಸುತ್ತೆ, ವರ್ಷಕ್ಕೊಂದು ಶಿಬಿರದಿಂದ ಆಗಲ್ಲ. ವಾರಕ್ಕೊಂದು ದಿನ ಪಾಳಿ ಬದಲಾಗೋ ಹೊತ್ತಿಗೆ 10 ನಿಮಿಷ, ಒಂದೇ ಕೌಶಲ. ನಡೆಸೋಕೆ 12 ಜನರಲ್ಲೇ ಇಬ್ಬರನ್ನು ತಯಾರು ಮಾಡಿ. ಆರಿಸೋವಾಗ ಚುರುಕಾಗಿ ಮಾಡುವವರಿಗಿಂತ ಬೇರೆಯವರ ತಪ್ಪನ್ನು ನಗದೆ ತಿದ್ದುವವರನ್ನು ನೋಡಿ.