ಕ್ವಾರ್ಟರ್‌ಬ್ಯಾಕ್ ರ‍್ಯಾಂಕಿಂಗ್ ಜಗಳದಿಂದ ಇಂಗ್ಲಿಷ್ ಸುಧಾರಿಸ್ಕೋಬಹುದಾ? ಅನುಭವ ಇರೋರು ಹೇಳಿ

ಕೇಳಿದ್ದು: ಕೆಲಸಕ್ಕೆ ಅಂತ ಒಹಾಯೋಗೆ ಬಂದಿದೀನಿ. ಮೀಟಿಂಗಲ್ಲಿ ಮಾತಾಡೋಕೆ ತೊಂದ್ರೆ ಇಲ್ಲ, ಆದ್ರೆ ಊಟದ ಹೊತ್ತಲ್ಲಿ ಟೀಮಿನವ್ರು ಅಮೆರಿಕನ್ ಫುಟ್‌ಬಾಲ್ ತೆಗೆದು, ಕ್ವಾರ್ಟರ್‌ಬ್ಯಾಕ್‌ಗಳಲ್ಲಿ (ಟೀಮಿನ ಆಟ ನಡೆಸೋ, ಬಾಲ್ ಎಸೆಯೋ ಆಟಗಾರ) ಮಹೋಮ್ಸ್ ದೊಡ್ಡವ್ನಾ ಜಾಶ್ ಆಲನ್ ದೊಡ್ಡವ್ನಾ ಅಂತ ಶುರು ಹಚ್ಕೊಂಡ್ರೆ ನಾನು ತಟ್ಟೆ ನೋಡ್ಕೊಂಡು ಕೂರ್ತೀನಿ. ಅಡ್ವಾನ್ಸ್ಡ್ ಇಂಗ್ಲಿಷ್ ಕ್ಲಾಸಿಗೆ ದುಡ್ಡು ಕಟ್ಟೋ ಬದ್ಲು ಇದನ್ನೇ ಕಲಿತ್ರೆ ಪ್ರಯೋಜನ ಇದೆಯಾ?

ಡಲ್ಲಾಸ್‌ನಿಂದ ಒಬ್ರು:
ಇದೆ, ಖಂಡಿತ ಇದೆ. ಆದ್ರೆ ಆಟದ ರೂಲ್ಸ್ ಪೂರ್ತಿ ಕಲಿತು ಆಮೇಲೆ ಬಾಯಿ ಬಿಡ್ತೀನಿ ಅಂತ ಕೂತ್ರೆ ಸೀಸನ್ನೇ ಮುಗ್ದೋಗತ್ತೆ. ನಾಲ್ಕು ಚಾನ್ಸಲ್ಲಿ ಹತ್ತು ಯಾರ್ಡ್ ಮುಂದೆ ಹೋಗ್ಬೇಕು, ಬಾಲ್ ಮೊದ್ಲು ಕ್ವಾರ್ಟರ್‌ಬ್ಯಾಕ್ ಕೈಗೆ ಬರತ್ತೆ, ಎಸೀಬೇಕಾ ಪಕ್ಕದವ್ನಿಗೆ ಕೊಡ್ಬೇಕಾ ತಾನೇ ಓಡ್ಬೇಕಾ ಅಂತ ಅವ್ನು ಎರಡು ಮೂರು ಸೆಕೆಂಡಲ್ಲಿ ತೀರ್ಮಾನ ಮಾಡ್ಬೇಕು, ಶುರು ಮಾಡೋಕೆ ಇಷ್ಟು ಸಾಕು. ಜಗಳ ಇರೋದು ಆಟದ ಬಗ್ಗೆ ಅಲ್ಲ, ಅಳೆಯೋದು ಯಾವುದ್ರಿಂದ ಅನ್ನೋದ್ರ ಬಗ್ಗೆ. ನಮ್ಮಲ್ಲಿ ದ್ರಾವಿಡ್ಡಾ ಸಚಿನ್ನಾ ಅಂತ ರಾತ್ರಿಯೆಲ್ಲ ಕೂರಲ್ವಾ, ಅದೇ ಕಥೆ. ಡ್ಯಾನ್ ಮರೀನೋ 1984ರಲ್ಲೇ 5084 ಯಾರ್ಡ್ ಎಸೆದ, ಆದ್ರೆ ಒಂದು ಸೂಪರ್ ಬೌಲೂ (ಲೀಗಿನ ಫೈನಲ್) ಗೆಲ್ಲಲಿಲ್ಲ. ಟ್ರೆಂಟ್ ಡಿಲ್ಫರ್ ಅನ್ನೋನು ಬಾಲ್ಟಿಮೋರ್‌ನ ಭಯಂಕರ ಡಿಫೆನ್ಸ್ ಜೊತೆ ಗೆದ್ದ, ಗೆದ್ದ ಮೇಲೆ ಟೀಮು ಅವ್ನನ್ನ ಇಟ್ಕೊಳ್ಳಲೂ ಇಲ್ಲ. ಈಗ ರಿಂಗ್ (ಸೂಪರ್ ಬೌಲ್ ಗೆದ್ದವ್ರಿಗೆ ಸಿಗೋ ಉಂಗುರ) ಎಣಿಸೋರಿಗೆ ಏನಂತೀರಾ? ಎಸೆತ ಎಷ್ಟು ಚೆನ್ನಾಗಿದೆ ಅಂತ ಅಳೆಯೋಕೆ ಪಾಸರ್ ರೇಟಿಂಗ್ ಅಂತ ಒಂದಿದೆ, ಮ್ಯಾಕ್ಸಿಮಮ್ 158.3 (ನೂರಕ್ಕೆ ಯಾಕೆ ನಿಲ್ಲಿಸ್ಲಿಲ್ವೋ ದೇವ್ರಿಗೇ ಗೊತ್ತು), ಅದ್ರಲ್ಲಿ ಅವ್ನು ಓಡಿದ್ದಕ್ಕೆ ಲೆಕ್ಕ ಇಲ್ಲ, ಹಾಗಾಗಿ ಲಮಾರ್ ಜ್ಯಾಕ್ಸನ್ ಥರದವ್ರಿಗೆ ಅನ್ಯಾಯ ಅಂತ ಒಂದು ಗುಂಪು.

ಇಂಗ್ಲಿಷ್ ಎಲ್ಲಿ ಬಂತು ಅಂದ್ರೆ, ನಾವು ಸಾಮಾನ್ಯವಾಗಿ ಹೀ ಈಸ್ ಬೆಸ್ಟ್, ಹೀ ಈಸ್ ನಾಟ್ ಗುಡ್, ಈ ಎರಡರಲ್ಲೇ ಮುಗಿಸ್ತೀವಿ. ಅವ್ರು ಎಷ್ಟು ಗಟ್ಟಿಯಾಗಿ ಹೇಳ್ತಿದೀನಿ ಅನ್ನೋದನ್ನೂ ಸೇರಿಸ್ತಾರೆ. ಅನುಮಾನವೇ ಇಲ್ಲ ಅಂದ್ರೆ ಹ್ಯಾಂಡ್ಸ್ ಡೌನ್, ವಾದಕ್ಕೆ ಜಾಗ ಬಿಟ್ರೆ ಆರ್ಗ್ಯುಅಬ್ಲಿ, ಪೂರ್ತಿ ಒಪ್ಪಲ್ಲ ಆದ್ರೆ ತಳ್ಳಿಹಾಕಲ್ಲ ಅಂದ್ರೆ ಯು ಕುಡ್ ಮೇಕ್ ಎ ಕೇಸ್ ಫಾರ್ ಹಿಮ್. ಇದು ಕೂತ್ಕೊಂಡ್ರೆ ಡಿಸೈನ್ ರಿವ್ಯೂನಲ್ಲೂ ನಿಮ್ಮ ಮಾತಿನ ತೂಕ ಬೇರೆ ಆಗತ್ತೆ.

ನ್ಯೂಜೆರ್ಸಿಯಿಂದ, ದೊಡ್ಡವ್ರಿಗೆ ಇಂಗ್ಲಿಷ್ ಹೇಳ್ಕೊಡೋರು:
ನಾನು ಕಂಡಿಷನಲ್ (ಇಫ್ ಹಾಕಿ ಮಾಡೋ ವಾಕ್ಯ) ಹೇಳ್ಕೊಡೋದೇ ಫುಟ್‌ಬಾಲ್ ಹಿಡ್ಕೊಂಡು. 2015ರ ಸೂಪರ್ ಬೌಲ್ ನೋಡಿ, ಸಿಯಾಟಲ್ ಗೆಲ್ಲೋಕೆ ಒಂದೇ ಒಂದು ಯಾರ್ಡ್ ಬಾಕಿ, ಅರ್ಧ ನಿಮಿಷಾನೂ ಉಳಿದಿಲ್ಲ, ಮಾರ್ಶಾನ್ ಲಿಂಚ್ ಥರ ನುಗ್ಗೋನು ಪಕ್ಕದಲ್ಲೇ ಇದಾನೆ, ಆದ್ರೂ ರಸೆಲ್ ವಿಲ್ಸನ್ ಎಸೆದ, ಎದುರು ಟೀಮಿನ ಮಾಲ್ಕಮ್ ಬಟ್ಲರ್ ಹಿಡಿದ, ಟಾಮ್ ಬ್ರೇಡಿ ಕ್ವಾರ್ಟರ್‌ಬ್ಯಾಕ್ ಆಗಿದ್ದ ನ್ಯೂ ಇಂಗ್ಲೆಂಡ್ 28-24ಕ್ಕೆ ಗೆಲ್ತು. ಇಫ್ ದೇ ಹ್ಯಾಡ್ ರನ್ ದ ಬಾಲ್, ದೇ ವುಡ್ ಹ್ಯಾವ್ ವನ್. ಇದು ಎಲ್ರಿಗೂ ಬರತ್ತೆ. ಇದನ್ನ ಇವತ್ತಿಗೆ ಎಳೀರಿ: ಇಫ್ ದೇ ಹ್ಯಾಡ್ ರನ್ ದ ಬಾಲ್, ಬ್ರೇಡಿ ಮೈಟ್ ಹ್ಯಾವ್ ಸಿಕ್ಸ್ ರಿಂಗ್ಸ್ ನೌ, ನಾಟ್ ಸೆವೆನ್. ಮೊದಲರ್ಧ ಆಗಿಹೋದದ್ದು, ಎರಡನೇದು ಈಗಿನದು. ಇಲ್ಲೇ ಎಲ್ರೂ ಎಡವೋದು. ಬ್ರೇಡಿ 2000ದ ಡ್ರಾಫ್ಟಲ್ಲಿ (ಟೀಮುಗಳು ಸರದಿ ಪ್ರಕಾರ ಹೊಸ ಆಟಗಾರರನ್ನ ಆರಿಸ್ಕೊಳ್ಳೋದು) 199ನೇಯವ್ನು ಅನ್ನೋದನ್ನ ಇಟ್ಕೊಂಡೇ ಇಂಥ ವಾಕ್ಯ ಎಷ್ಟು ಬೇಕಾದ್ರೂ ಮಾಡ್ಬಹುದು.

ಕನ್ಸಾಸ್ ಸಿಟಿಯಿಂದ:
ನಮ್ಮ ಧಾರವಾಡದ ಕಡೆಯಿಂದ ಬಂದವ್ರಿಗೆ ವಾದ ಮಾಡಾಕ ಯಾರೂ ಕಲಿಸೂದು ಬ್ಯಾಡ್ರಿ, ಆದ್ರ ಊರು ನೋಡ್ಕೊಂಡ್ ಮಾತಾಡ್ರಿ. ಇಲ್ಲಿ ನಮ್ಮೂರ ಟೀಮಿನ ಮಹೋಮ್ಸ್‌ಗ ಒಂದ್ ಮಾತ್ ಅಂದ್ರ ಮುಗೀತು. ಮೂರು ಸೂಪರ್ ಬೌಲ್ ಗೆದ್ದಾನ ಖರೆ, 2021ರಾಗ ಬ್ರೇಡಿ ಕೈಯಾಗ 31-9, 2025ರಾಗ ಫಿಲಡೆಲ್ಫಿಯಾ ಕೈಯಾಗ 40-22 ಸೋತಾನ, ಅದನ್ನ ಅವ್ರ ಮುಂದ ತಗೀಬ್ಯಾಡ್ರಿ. ಪ್ರಶ್ನೆ ಕೇಳ್ರಿ. ಟು ಮಿನಿಟ್ಸ್ ಲೆಫ್ಟ್, ಹೂ ವುಡ್ ಯು ಟೇಕ್? ಅಂತ ಒಂದ್ ಒಗದು ಸುಮ್ನ ಕೂಡ್ರಿ, ಉಳದದ್ದು ಅವ್ರ ಹೇಳ್ತಾರ. ಇನ್ನ ಆಟಗಾರರ ಪ್ರೆಸ್ ಮೀಟ್ ನೋಡಿ ಇಂಗ್ಲಿಷ್ ಕಲೀತೀನಿ ಅನ್ನಬ್ಯಾಡ್ರಿ, ವನ್ ಗೇಮ್ ಅಟ್ ಎ ಟೈಮ್ ಅನ್ನೂದು ಬಿಟ್ರ ಏನೂ ಸಿಗಂಗಿಲ್ಲ. ಟೋನಿ ರೋಮೋ ಕಾಮೆಂಟ್ರಿ ಕೇಳ್ರಿ, ಅವ್ನೂ ಕ್ವಾರ್ಟರ್‌ಬ್ಯಾಕ್ ಆಗಿದ್ದಾಂವ, ಮುಂದ ಏನಾಗ್ತದ ಅಂತ ಮೊದಲ ಹೇಳಿಬಿಡ್ತಾನ.

ಸಿನ್ಸಿನಾಟಿಯಿಂದ:
ನಾನು ಅರ್ಧ ಮಾತ್ರ ಒಪ್ತೀನಿ. ಮಾತು ಸುಧಾರಿಸತ್ತೆ, ಬರವಣಿಗೆ ಸುಧಾರಿಸಲ್ಲ, ಪ್ರಮೋಷನ್‌ಗೆ ಬೇಕಾಗಿರೋದು ಅದೇ. ವಾರಕ್ಕೊಂದು ಪ್ಯಾರಾ ಬರೀರಿ. ಒಹಾಯೋದಲ್ಲೇ ಇದೀರಲ್ಲ, ಇಲ್ಲಿನ ಬೆಂಗಾಲ್ಸ್ ಟೀಮಿನ ಕ್ವಾರ್ಟರ್‌ಬ್ಯಾಕ್ ಜೋ ಬರೋ ಇದಾನೆ. 2024ರಲ್ಲಿ 4918 ಯಾರ್ಡ್, 43 ಟಚ್‌ಡೌನ್, ಎರಡರಲ್ಲೂ ಲೀಗಿಗೇ ಮೊದಲು, ಆದ್ರೂ ಬೆಂಗಾಲ್ಸ್ 9 ಗೆಲುವು 8 ಸೋಲಿಗೆ ನಿಂತು ಪ್ಲೇಆಫ್‌ಗೆ ಹೋಗ್ಲಿಲ್ಲ. ಇದನ್ನ ಆಲ್ದೋ, ಡಿಸ್ಪೈಟ್, ಈವನ್ ದೋ ಹಾಕಿ ಮೂರು ಥರ ಬರೆದು ನೋಡಿ, ಬಟ್ ಅಂತ ಮಾತ್ರ ಬರೀಬಾರ್ದು.

ಕೇಳಿದವ್ರು ಮತ್ತೆ: ಥ್ಯಾಂಕ್ಸ್ ಎಲ್ರಿಗೂ. ಸದ್ಯಕ್ಕೆ ನನ್ನ ಲಿಸ್ಟ್: ಮೇಲಿನ ಟಿಯರಲ್ಲಿ ಮಹೋಮ್ಸ್ ಮತ್ತೆ ಆಲನ್, ಒಂದು ಮೆಟ್ಟಿಲು ಕೆಳಗೆ ಬರೋ, ಆಮೇಲೆ ಹರ್ಟ್ಸ್. ನಾಳೆ ಊಟಕ್ಕೆ ಇದನ್ನೇ ತಗೊಂಡ್ ಹೋಗ್ತೀನಿ.

ಡಲ್ಲಾಸ್‌ನಿಂದ: ಲಮಾರ್ ಎಲ್ರೀ? 2019, 2023 ಎರಡು ಸಲ ಎಂವಿಪಿ (ಸೀಸನ್ನಿನ ಅತ್ಯುತ್ತಮ ಆಟಗಾರ). ರಿಂಗ್ ಇಲ್ಲ ಅಂತ ಬಿಟ್ಟಿದ್ರೆ ಆಲನ್‌ಗೂ ಇಲ್ವಲ್ಲ. ನಾಳೆ ಮೊದಲು ಕೇಳೋದೇ ಇದನ್ನ, ಉತ್ತರ ರೆಡಿ ಮಾಡ್ಕೊಳ್ಳಿ.