ಇ30 ಹಾಕಿದ ಮೇಲೆ ಟರ್ಬೊ ಕಾರು ಮೇಲಿನ ಆರ್‌ಪಿಎಂನಲ್ಲಿ ಲೀನ್ ಆಗ್ತಿದೆ: ತಪ್ಪು ಮ್ಯಾಪ್‌ನದ್ದೋ, ಪಂಪ್‌ನದ್ದೋ?

ಎರಡು_ಲೀಟರ್:

ಎಲ್ಲರಿಗೂ ನಮಸ್ಕಾರ. ನನ್ನದು 2.0 ಲೀಟರ್, ನಾಲ್ಕು ಸಿಲಿಂಡರ್, ಪೋರ್ಟ್ ಇಂಜೆಕ್ಷನ್ ಇರುವ ಟರ್ಬೊ ಕಾರು. ಇಂಜೆಕ್ಟರ್ ಬದಲಾಯಿಸಿ ದೊಡ್ಡವು ಹಾಕಿದ್ದೇನೆ. ಫ್ಯುಯೆಲ್ ಪಂಪ್, ಅದರ ವೈರಿಂಗ್, ಫಿಲ್ಟರ್ ಎಲ್ಲ ಕಾರಿನ ಜೊತೆ ಬಂದವೇ. ಇ10 ಪೆಟ್ರೋಲ್‌ನಲ್ಲಿ (ಶೇ. 10 ಎಥನಾಲ್ ಬೆರೆತದ್ದು; ಇ30, ಇ85 ಹೆಸರುಗಳೂ ಹೀಗೇ) 1.0 ಬಾರ್ ಬೂಸ್ಟ್‌ಗೆ ಟ್ಯೂನ್ ಆಗಿದ್ದಾಗ ಯಾವ ತಕರಾರೂ ಇರಲಿಲ್ಲ.

ಈಗ ಇ85 ಬೆರೆಸಿ ಇ30 ಮಾಡಿಕೊಂಡು, ಅದಕ್ಕೆ ಬೇರೆ ಮ್ಯಾಪ್ (ಇಸಿಯು, ಅಂದರೆ ಎಂಜಿನ್ ಕಂಪ್ಯೂಟರ್, ಇಂಧನ ಎಷ್ಟು, ಕಿಡಿ ಯಾವಾಗ ಎಂದು ನೋಡಿಕೊಳ್ಳುವ ಅಂಕಿಗಳ ಟೇಬಲ್) ಹಾಕಿ, ಬೂಸ್ಟ್ 1.3 ಬಾರ್‌ಗೆ ಏರಿಸಿದ್ದೇನೆ. ಕೆಳಗೆ ಎಳೆತ ಬಹಳ ಚೆನ್ನಾಗಿದೆ. ಆದರೆ ಆಕ್ಸಿಲರೇಟರ್ ಪೂರ್ತಿ ತುಳಿದು 5000 ಆರ್‌ಪಿಎಂ ದಾಟಿದರೆ ಲ್ಯಾಂಬ್ಡಾ (ಇಂಧನ ಪೂರ್ತಿ ಉರಿಯಲು ಬೇಕಾದ ಗಾಳಿಗೆ ಹೋಲಿಸಿದರೆ ಎಷ್ಟು ಗಾಳಿ ಇದೆ ಎಂಬ ಅಂಕಿ) ಮೇಲೇರುತ್ತದೆ, ಅಂದರೆ ಇಂಧನ ಸಾಲದೆ ಲೀನ್ ಆಗುತ್ತದೆ, ಗಾಡಿ ಎಳೆಯುವುದೇ ಇಲ್ಲ. ನಾಕ್ (ಸಿಲಿಂಡರ್ ಒಳಗೆ ಇಂಧನ ತಾನಾಗೇ ಸಿಡಿಯುವುದು) ಸೆನ್ಸರ್ ಮಾತ್ರ ಏನೂ ತೋರಿಸುತ್ತಿಲ್ಲ. ಮ್ಯಾಪ್‌ನಲ್ಲಿ ಮೇಲಿನ ಆರ್‌ಪಿಎಂಗೆ ಇನ್ನಷ್ಟು ಇಂಧನ ಸೇರಿಸಿದರೆ ಸಾಕಾ? ಅಥವಾ ನನ್ನ ಮಿಶ್ರಣದ ಲೆಕ್ಕವೇ ತಪ್ಪಿರಬಹುದಾ?

ಬೂಸ್ಟ್_ಬಳಗ:

ಇ30ಗೆ ಇಂಧನ ಜಾಸ್ತಿ ಬೇಕೇ ಬೇಕು. 5000ದಿಂದ ಮೇಲಕ್ಕೆ ಟೇಬಲ್‌ನಲ್ಲಿ ಶೇ. 10 ಸೇರಿಸಿ ನೋಡಿ, ಸರಿಹೋಗುತ್ತದೆ. ಎಎಫ್‌ಆರ್ (ಗಾಳಿ-ಇಂಧನ ಅನುಪಾತ) ಮೀಟರ್‌ನಲ್ಲಿ 10.3 ಬರುವಂತೆ ನೋಡಿಕೊಳ್ಳಿ.

ರೈಲ್_ಪ್ರೆಶರ್:

ದಯವಿಟ್ಟು ಇಂಧನ ಸೇರಿಸಬೇಡಿ. ಕಾರಣ ಗೊತ್ತಾಗುವ ತನಕ ಪೂರ್ತಿ ಬೂಸ್ಟ್‌ನಲ್ಲಿ ಓಡಿಸುವುದನ್ನೂ ನಿಲ್ಲಿಸಿ. ನಾಕ್ ಕಾಣಿಸಲಿಲ್ಲ ಎಂಬುದು ಎಥನಾಲ್ ವಿಷಯದಲ್ಲಿ ಸಮಾಧಾನದ ಮಾತಲ್ಲ. ಲೀನ್ ಆದಾಗ ಬಿಸಿ ಏರುತ್ತಲೇ ಇರುತ್ತದೆ. ಎಥನಾಲ್‌ಗೆ ನಾಕ್ ತಡೆಯುವ ಶಕ್ತಿ ಚೆನ್ನಾಗಿದ್ದರೂ, ಕೆಂಪಗೆ ಕಾದ ಪ್ಲಗ್ ತುದಿಯಿಂದ ಕಿಡಿಗೂ ಮೊದಲೇ ಹೊತ್ತಿಕೊಳ್ಳುವ ಪ್ರವೃತ್ತಿ ಅದಕ್ಕೆ ಪೆಟ್ರೋಲ್‌ಗಿಂತ ಹೆಚ್ಚು. ಹಾಗಾದರೆ ಪಿಸ್ಟನ್ ಉಳಿಯುವುದಿಲ್ಲ.

ಮೊದಲು ಮೀಟರ್‌ನ ವಿಷಯ, ಯಾಕೆಂದರೆ ಮೇಲೆ ಹೇಳಿದ 10.3 ಅಪಾಯಕಾರಿ ಗೊಂದಲ. ಆ ಮೀಟರ್‌ಗೆ ಅಂಕಿ ಕೊಡುವ, ಎಕ್ಸಾಸ್ಟ್‌ನಲ್ಲಿರುವ ವೈಡ್‌ಬ್ಯಾಂಡ್ ಸೆನ್ಸರ್ ಅಳೆಯುವುದು ಲ್ಯಾಂಬ್ಡಾವನ್ನು. ಟ್ಯಾಂಕ್‌ನಲ್ಲಿ ಏನಿದೆ ಎಂದು ಅದಕ್ಕೆ ಗೊತ್ತಿಲ್ಲ. ಮೀಟರ್ ಆ ಲ್ಯಾಂಬ್ಡಾವನ್ನು 14.7ರಿಂದ ಗುಣಿಸಿ ಎಎಫ್‌ಆರ್ ಎಂದು ತೋರಿಸುತ್ತದೆ, ಅಷ್ಟೇ. ಶುದ್ಧ ಪೆಟ್ರೋಲ್‌ಗೆ ಪೂರ್ತಿ ಉರಿಯುವ ಅನುಪಾತ 14.7, ಇ10ಗೆ ಸುಮಾರು 14.1, ಇ30ಗೆ 12.9, ಇ85ಗೆ 9.8, ಶುದ್ಧ ಎಥನಾಲ್‌ಗೆ 9.0. ಇ30ಯಲ್ಲಿ ಲ್ಯಾಂಬ್ಡಾ 0.80 ಇದ್ದರೆ ನಿಜವಾದ ಅನುಪಾತ 10.3 ಇರುತ್ತದೆ, ಹೌದು. ಆದರೆ ಪೆಟ್ರೋಲ್ ಸ್ಕೇಲ್‌ನ ಮೀಟರ್ ಆಗಲೂ 11.8 ಎಂದೇ ತೋರಿಸುತ್ತದೆ. ಆ ಮೀಟರ್‌ನಲ್ಲಿ 10.3 ಬರಿಸಿದರೆ ಲ್ಯಾಂಬ್ಡಾ 0.70 ಆಗಿ ಗಾಡಿ ಹೊಗೆ ಕಾರುತ್ತದೆ. ಎಥನಾಲ್ ಮುಟ್ಟಿದ ದಿನದಿಂದ ಮೀಟರನ್ನು ಲ್ಯಾಂಬ್ಡಾಗೆ ತಿರುಗಿಸಿಬಿಡಿ. ಇಲ್ಲಿ ಚರ್ಚೆಯನ್ನೂ ಲ್ಯಾಂಬ್ಡಾದಲ್ಲೇ ಮಾಡೋಣ.

ಇನ್ನು ನಿಮ್ಮ ಪ್ರಶ್ನೆ. ಮಿಶ್ರಣ ತಪ್ಪಿದ್ದರೆ ಅದು ಎಲ್ಲ ಕಡೆ ತೋರುತ್ತದೆ: ಐಡಲ್‌ನಲ್ಲೂ, ನಿಧಾನಕ್ಕೆ ಹೋಗುವಾಗಲೂ. ಮ್ಯಾಪ್ ನಿರೀಕ್ಷಿಸಿದ್ದಕ್ಕಿಂತ ಎಥನಾಲ್ ಹೆಚ್ಚಿದ್ದರೆ ಲಾಂಗ್ ಟರ್ಮ್ ಟ್ರಿಮ್ (ಇಸಿಯು ಇಂಧನಕ್ಕೆ ತಾನೇ ಮಾಡಿಕೊಳ್ಳುವ ಶೇಕಡಾ ತಿದ್ದುಪಡಿ) ಪ್ಲಸ್ ಕಡೆಗೆ ಹೋಗುತ್ತದೆ, ಕಡಿಮೆ ಇದ್ದರೆ ಮೈನಸ್ ಕಡೆಗೆ. ಇ10 ಮ್ಯಾಪ್‌ಗೆ ಇ30 ತುಂಬಿಸಿದರೆ ಟ್ರಿಮ್ ಹತ್ತಿರ ಹತ್ತಿರ ಪ್ಲಸ್ 8 ತೋರಿಸಬೇಕು. ಕೆಳಗೆಲ್ಲ ಸರಿಯಿದ್ದು, ಇಂಧನದ ಬೇಡಿಕೆ ಅತಿ ಹೆಚ್ಚಾದಾಗ ಮಾತ್ರ ಲೀನ್ ಆಗುತ್ತಿದೆ ಎಂದರೆ ನನ್ನ ಅನುಮಾನ ಪೂರೈಕೆಯ ಮೇಲೆ.

ನನಗೆ ಬೇಕಾದ ಅಂಕಿಗಳು ಇಷ್ಟು: ಹದವಾದ ವೇಗದಲ್ಲಿ ಹೋಗುವಾಗಿನ ಟ್ರಿಮ್, ಇಂಜೆಕ್ಟರ್ ಡ್ಯೂಟಿ (ಅದು ತೆರೆದಿರುವ ಹೊತ್ತಿನ ಶೇಕಡಾ ಪಾಲು), ಮತ್ತು ಲ್ಯಾಂಬ್ಡಾ, ಬೂಸ್ಟ್, ಫ್ಯುಯೆಲ್ ರೈಲ್ (ಇಂಜೆಕ್ಟರ್‌ಗಳಿಗೆ ಇಂಧನ ಹಂಚುವ ಕೊಳವೆ) ಪ್ರೆಶರ್ ಈ ಮೂರನ್ನೂ ಒಟ್ಟಿಗೆ ಹಿಡಿದ ಲಾಗ್. ರೈಲ್‌ನಲ್ಲಿ ಪ್ರೆಶರ್ ಸೆನ್ಸರ್ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ. ಎಥನಾಲ್‌ನಲ್ಲಿ ಟ್ಯೂನ್ ಮಾಡುವವರಿಗೆ ಅದಕ್ಕಿಂತ ಉಪಯುಕ್ತವಾದ ಸೆನ್ಸರ್ ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಳೇ_ಗ್ಯಾರೇಜ್:

ಜೊತೆಗೆ ಮಿಶ್ರಣವನ್ನೂ ಒಮ್ಮೆ ಅಳೆದುಬಿಡಿ. ಇ85 ಎಂಬ ಹೆಸರಿದ್ದರೂ ಅದರಲ್ಲಿ ಶೇ. 85 ಇರಲೇಬೇಕೆಂದಿಲ್ಲ. ಅಮೆರಿಕದ ಎಎಸ್‌ಟಿಎಂ ಡಿ5798 ಮಾನದಂಡವೇ ಶೇ. 51ರಿಂದ 83ರವರೆಗೆ ಅವಕಾಶ ಕೊಡುತ್ತದೆ. ಚಳಿಗಾಲದಲ್ಲಿ ಎಂಜಿನ್ ಸ್ಟಾರ್ಟ್ ಆಗಲಿ ಎಂದು ಪೆಟ್ರೋಲ್ ಪಾಲು ಹೆಚ್ಚಿಸುತ್ತಾರೆ. 12 ಲೀಟರ್ ಇ85ಗೆ 33 ಲೀಟರ್ ಇ10 ಸೇರಿಸಿದರೆ ಲೆಕ್ಕದ ಪ್ರಕಾರ ಇ30. ಆ ಇ85ನಲ್ಲಿ ನಿಜವಾಗಿ ಶೇ. 51 ಮಾತ್ರ ಇದ್ದರೆ ನಿಮ್ಮ ಕೈಗೆ ಬರುವುದು ಇ21. ಇ30ಗೆಂದು ಏರಿಸಿದ ಬೂಸ್ಟು, ಟೈಮಿಂಗು (ಪಿಸ್ಟನ್ ತುದಿ ಮುಟ್ಟುವ ಎಷ್ಟು ಡಿಗ್ರಿ ಮುಂಚೆ ಕಿಡಿ ಹಾರುತ್ತದೆ ಎಂಬುದು) ಅದಕ್ಕೆ ಹೆಚ್ಚಾಗುತ್ತದೆ.

ಅಳೆಯುವುದು ಕಷ್ಟವಲ್ಲ. ಗುರುತು ಹಾಕಿದ 100 ಮಿಲಿಯ ಗಾಜಿನ ಅಳತೆ ಕೊಳವೆಯಲ್ಲಿ 10ರ ಗೆರೆಯವರೆಗೆ ನೀರು, ಅದರ ಮೇಲೆ 100ರ ಗೆರೆಯವರೆಗೆ ಇಂಧನ. ಮುಚ್ಚಿ ಚೆನ್ನಾಗಿ ಕುಲುಕಿ, ನಡುವೆ ಮುಚ್ಚಳ ಸಡಿಲಿಸಿ ಆವಿ ಬಿಡಿ, ಆಮೇಲೆ ನಿಲ್ಲಲು ಬಿಡಿ. ಎಥನಾಲ್ ನೀರಿನ ಜೊತೆ ಸೇರಿ ಕೆಳಗಿಳಿಯುತ್ತದೆ. ನೀರಿನ ಪದರ 10ರಿಂದ ಎಷ್ಟು ಏರಿತೋ ಅದನ್ನು 90ರಿಂದ ಭಾಗಿಸಿದರೆ ಎಥನಾಲ್ ಪ್ರಮಾಣ ಸಿಕ್ಕಿತು. ಸ್ವಲ್ಪ ಕಡಿಮೆಯೇ ತೋರಿಸುತ್ತದೆ, ಈ ಕೆಲಸಕ್ಕೆ ಸಾಕು. ಬೆಂಕಿ, ಬಿಸಿ ಎಂಜಿನ್ ಹತ್ತಿರ ಇರಬಾರದು.

ಇನ್ನೊಂದು ಮಾತು. ವರ್ಷಾನುಗಟ್ಟಲೆ ಪೆಟ್ರೋಲ್ ಕಂಡ ಟ್ಯಾಂಕ್‌ಗೆ ಎಥನಾಲ್ ಬಿದ್ದರೆ ಒಳಗೆ ಅಂಟಿಕೊಂಡಿದ್ದ ಜಿಡ್ಡೆಲ್ಲ ಕರಗಿ ಬರುತ್ತದೆ. ಅದು ಬಂದು ನಿಲ್ಲುವುದು ಫಿಲ್ಟರ್‌ನಲ್ಲಿ. ಹಳೆಯ ರಬ್ಬರ್ ಹೋಸ್‌ಗಳನ್ನೂ ಬೆರಳಲ್ಲಿ ಒತ್ತಿ ನೋಡಿ. ಮೆತ್ತಗಾಗಿದ್ದರೆ, ಬಿರುಕಿದ್ದರೆ, ಪಿಟಿಎಫ್‌ಇ (ಟೆಫ್ಲಾನ್) ಒಳಪದರದ ಹೋಸ್ ಹಾಕಿಸಿ.

ಎರಡು_ಲೀಟರ್:

ಇಬ್ಬರಿಗೂ ಧನ್ಯವಾದ. ನೀರಿನ ಪದರ 36ಕ್ಕೆ ನಿಂತಿತು, ಅಂದರೆ ಶೇ. 29. ಹದವಾದ ವೇಗದಲ್ಲಿ ಟ್ರಿಮ್ ಪ್ಲಸ್ 2ರ ಆಸುಪಾಸು. ಪ್ರೆಶರ್ ಸೆನ್ಸರ್ ಹಾಕಿಸಿದೆ. ಅದು ಲಾಗರ್‌ಗೆ ಮಾತ್ರ ಸೇರಿದೆ, ಇಸಿಯು ಅದನ್ನು ಓದುವುದಿಲ್ಲ. ಬೂಸ್ಟ್ ಇಲ್ಲದಾಗಿನ ಮೂಲ ಪ್ರೆಶರ್ 3 ಬಾರ್. ಒಂದೇ ಒಂದು ಸಲ, ಡೈನೊ (ಗಾಡಿಯನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಎಳೆದು ಕೂಡಲೇ ಕಾಲು ತೆಗೆದ ಲಾಗ್ ಇದು. ಬೂಸ್ಟ್ ಉದ್ದಕ್ಕೂ 1.3:

3500 ಆರ್‌ಪಿಎಂ: ರೈಲ್ 4.3 ಬಾರ್, ಲ್ಯಾಂಬ್ಡಾ 0.80
5200 ಆರ್‌ಪಿಎಂ: ರೈಲ್ 4.0 ಬಾರ್, ಲ್ಯಾಂಬ್ಡಾ 0.84
6000 ಆರ್‌ಪಿಎಂ: ರೈಲ್ 3.5 ಬಾರ್, ಲ್ಯಾಂಬ್ಡಾ 0.93

6000ದಲ್ಲಿ ಇಂಜೆಕ್ಟರ್ ಡ್ಯೂಟಿ ಶೇ. 82.

ರೈಲ್_ಪ್ರೆಶರ್:

ಬಹಳ ಒಳ್ಳೆಯ ಲಾಗ್. ಉತ್ತರ ಇದರಲ್ಲೇ ಇದೆ, ನೋಡಿ.

ರೆಗ್ಯುಲೇಟರ್‌ನ ಕೆಲಸ ಬೂಸ್ಟ್ ಏರಿದಷ್ಟೇ ರೈಲ್ ಪ್ರೆಶರನ್ನೂ ಏರಿಸುವುದು. 3 ಬಾರ್‌ಗೆ 1.3 ಸೇರಿ 4.3 ಇರಬೇಕು. 3500ರಲ್ಲಿ ಸರಿಯಾಗಿ ಅಷ್ಟೇ ಇದೆ, ಹಾಗಾಗಿ ರೆಗ್ಯುಲೇಟರ್ ಚೆನ್ನಾಗಿದೆ. ಇಂಜೆಕ್ಟರ್‌ನಿಂದ ಇಂಧನವನ್ನು ಹೊರಗೆ ತಳ್ಳುವುದು ರೈಲ್ ಮತ್ತು ಮ್ಯಾನಿಫೋಲ್ಡ್ ನಡುವಿನ ವ್ಯತ್ಯಾಸ. 6000ದಲ್ಲಿ ಅದು 3.5ರಿಂದ 1.3 ಕಳೆದರೆ 2.2 ಬಾರ್. ಹರಿವು ಈ ವ್ಯತ್ಯಾಸದ ವರ್ಗಮೂಲವನ್ನು ಹಿಂಬಾಲಿಸುತ್ತದೆ: 2.2 ಭಾಗಿಸು 3, ಅದರ ವರ್ಗಮೂಲ 0.856. ಇಂಜೆಕ್ಟರ್ ತೆರೆದಿರುವ ಹೊತ್ತು ಅಷ್ಟೇ ಇದ್ದರೂ ಒಳಗೆ ಹೋಗುತ್ತಿರುವ ಇಂಧನ ಶೇ. 14 ಕಡಿಮೆ. ಈಗ 0.80 ಅನ್ನು 0.856ರಿಂದ ಭಾಗಿಸಿ: 0.93. ನಿಮ್ಮ ಲ್ಯಾಂಬ್ಡಾ ಅದೇ! 5200ಕ್ಕೂ ಇದೇ ಲೆಕ್ಕ ಹಾಕಿ, 0.84 ಬರುತ್ತದೆ.

ಅಂದರೆ ಕೊರತೆ ಪೂರ್ತಿ ಪ್ರೆಶರ್ ಕುಸಿತದಿಂದಲೇ ಬಂದಿದೆ. ಮ್ಯಾಪ್ ಸರಿ, ಇಂಜೆಕ್ಟರ್ ಸರಿ, ಮಿಶ್ರಣ ಸರಿ. ಟೇಬಲ್‌ನಲ್ಲಿ ಶೇ. 10 ಸೇರಿಸಿದ್ದರೆ ಡ್ಯೂಟಿ 90 ಮುಟ್ಟುತ್ತಿತ್ತು, ಪಂಪ್ ಇನ್ನಷ್ಟು ಬಸವಳಿಯುತ್ತಿತ್ತು, ಪ್ರೆಶರ್ ಇನ್ನೂ ಕೆಳಗಿಳಿಯುತ್ತಿತ್ತು. ಒಂದು ದಿನ ಲ್ಯಾಂಬ್ಡಾ ಚೆನ್ನಾಗಿ ಕಂಡರೂ ಫಿಲ್ಟರ್ ಇನ್ನಷ್ಟು ಕಟ್ಟಿಕೊಂಡ ದಿನ ಎಂಜಿನ್ ಹೋಗುತ್ತಿತ್ತು. ಪೂರೈಕೆಯ ದೋಷವನ್ನು ಮ್ಯಾಪ್‌ನಲ್ಲಿ ಮುಚ್ಚಬಾರದು ಎಂದು ನಾನು ಪದೇ ಪದೇ ಹೇಳುವುದು ಇದಕ್ಕೇ.

ಪಂಪ್ ಕೊಳ್ಳುವ ಮುಂಚೆ ಎರಡು ಕೆಲಸ ಮಾಡಿ. ಫಿಲ್ಟರ್ ಬದಲಾಯಿಸಿ. ಆಮೇಲೆ ಪಂಪ್ ಓಡುತ್ತಿರುವಾಗ ಅದರ ಕನೆಕ್ಟರ್‌ನಲ್ಲೇ ವೋಲ್ಟೇಜ್ ಅಳೆಯಿರಿ. ಪ್ಲಸ್ ಕಡೆ ಎಷ್ಟು ಸೋರುತ್ತಿದೆ, ಅರ್ತ್ ಕಡೆ ಎಷ್ಟು ಎಂದು ಬೇರೆ ಬೇರೆ ನೋಡಿ: ಮಲ್ಟಿಮೀಟರ್‌ನ ಒಂದು ಕಡ್ಡಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಪಂಪ್ ಪ್ಲಸ್‌ಗೆ, ಹಾಗೆಯೇ ಮೈನಸ್‌ಗೆ. ಟ್ಯಾಂಕ್ ತೆರೆದಿಟ್ಟು ಈ ಕೆಲಸ ಬೇಡ. ಲೈನ್ ಬಿಚ್ಚುವ ಮುಂಚೆ ಪ್ರೆಶರ್ ಇಳಿಸಿ.

ಎರಡು_ಲೀಟರ್:

ಫಿಲ್ಟರ್ ಬಿಚ್ಚಿ ಕೊಯ್ದು ನೋಡಿದೆ. ಒಳಗಿನ ಕಾಗದದ ಮಡಿಕೆಗಳ ನಡುವೆ ಕಂದು ಬಣ್ಣದ ಗಸಿ, ಬೆರಳಲ್ಲಿ ಉಜ್ಜಿದರೆ ಅಂಟು ಅಂಟು. ಹೊಸ ಫಿಲ್ಟರ್ ಹಾಕಿದ ಮೇಲೆ 6000ದಲ್ಲಿ ರೈಲ್ 3.5ರಿಂದ 3.8ಕ್ಕೆ ಬಂತು, ಲ್ಯಾಂಬ್ಡಾ 0.88. ಸುಧಾರಿಸಿದೆ, ಸಾಲದು.

ವೋಲ್ಟೇಜ್: ಬ್ಯಾಟರಿಯಲ್ಲಿ 13.9, ಪಂಪ್ ಕನೆಕ್ಟರ್‌ನಲ್ಲಿ 11.6. ಪ್ಲಸ್ ಕಡೆ 0.9 ಹೋಗಿದೆ, ಅರ್ತ್ ಕಡೆ 1.4.

ಹಳೇ_ಗ್ಯಾರೇಜ್:

ಅರ್ತ್ ಕಡೆ 1.4 ಅಂದರೆ ಬೋಲ್ಟ್ ಬಿಚ್ಚಿ ನೋಡಲೇಬೇಕು. ವೈರ್ ತುದಿಯ ಉಂಗುರದ ಕೆಳಗೆ ಪೇಂಟ್ ಅಥವಾ ತುಕ್ಕು ಇರುತ್ತದೆ. ಎಮರಿ ಪೇಪರ್‌ನಿಂದ ಬಿಳಿ ಲೋಹ ಕಾಣುವ ತನಕ ಉಜ್ಜಿ, ಬಿಗಿ ಮಾಡಿ, ಮೇಲೆ ಗ್ರೀಸ್ ಹಚ್ಚಿ. ಪ್ಲಸ್ ಕಡೆಗೆ ಬ್ಯಾಟರಿಯಿಂದ ನೇರ ದಪ್ಪ ವೈರ್ ಎಳೆದು, ಬ್ಯಾಟರಿ ಹತ್ತಿರವೇ ಫ್ಯೂಸ್, ಪಂಪ್ ಹತ್ತಿರ ರಿಲೇ. ಹಳೆಯ ಪಂಪ್ ವೈರ್ ಆ ರಿಲೇಗೆ ಸಿಗ್ನಲ್ ಕೊಟ್ಟರೆ ಸಾಕು. ಆಗ ಎಂಜಿನ್ ನಿಂತರೆ ಪಂಪ್ ನಿಲ್ಲುವ ಸುರಕ್ಷತೆ ಹಾಗೇ ಉಳಿಯುತ್ತದೆ.

ಎರಡು_ಲೀಟರ್:

ಉಂಗುರದ ಕೆಳಗೆ ಪೇಂಟ್ ಇತ್ತು, ಸುತ್ತ ಕಂದುಗಟ್ಟಿತ್ತು. ಉಜ್ಜಿ ಬಿಗಿ ಮಾಡಿದೆ, ರಿಲೇ ಹಾಕಿ ಹೊಸ ವೈರ್ ಎಳೆದೆ. ಈಗ ಕನೆಕ್ಟರ್‌ನಲ್ಲಿ 13.5. ಡೈನೊ ಮೇಲೆ 6000ದಲ್ಲಿ ರೈಲ್ 4.25, ಲ್ಯಾಂಬ್ಡಾ 0.81. ಪಂಪ್ ಅದೇ ಹಳೆಯದು! ಮ್ಯಾಪ್‌ನಲ್ಲಿ ಒಂದು ಅಂಕಿಯನ್ನೂ ಮುಟ್ಟಿಲ್ಲ.

ಈಗ ಎರಡು ಪ್ರಶ್ನೆ. ನಾಕ್ ಇಲ್ಲವಾದ್ದರಿಂದ ಟೈಮಿಂಗ್ ಇನ್ನೂ ಏರಿಸಬಹುದಾ, ಅಂದರೆ ಕಿಡಿ ಇನ್ನೂ ಮುಂಚೆ ಹಾರಿಸಬಹುದಾ? ಮತ್ತು ಇದೇ ಇಂಜೆಕ್ಟರ್‌ಗಳಲ್ಲಿ ಪೂರ್ತಿ ಇ85ಗೆ ಹೋಗಬಹುದಾ?

ರೈಲ್_ಪ್ರೆಶರ್:

ನಿಮ್ಮ ತಾಳ್ಮೆ ಮೆಚ್ಚುವಂಥದ್ದು. ಟೈಮಿಂಗ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಪೆಟ್ರೋಲ್ ಟರ್ಬೊದಲ್ಲಿ ಹೆಚ್ಚಾಗಿ ನಾಕ್ ಮೊದಲು ಬಂದು ನಮ್ಮನ್ನು ತಡೆಯುತ್ತದೆ. ಎಥನಾಲ್ ಆವಿಯಾಗಲು ಪ್ರತಿ ಕಿಲೋಗೆ ಪೆಟ್ರೋಲ್‌ಗಿಂತ ಎರಡೂವರೆ ಪಟ್ಟಿನಷ್ಟು ಶಾಖ ಹೀರುತ್ತದೆ, ಜೊತೆಗೆ ಅದನ್ನು ಸುರಿಯುವುದೂ ಹೆಚ್ಚು. ಹಾಗಾಗಿ ಒಳಗೆ ಹೋಗುವ ಗಾಳಿ ತಣ್ಣಗಾಗಿ ನಾಕ್ ದೂರ ಸರಿಯುತ್ತದೆ. ಅಪಾಯ ಇಲ್ಲೇ ಇರುವುದು. ಟಾರ್ಕ್ ಅತಿ ಹೆಚ್ಚು ಸಿಗುವ ಟೈಮಿಂಗ್ ದಾಟಿದ ಮೇಲೂ ನಾಕ್ ಸದ್ದಿಲ್ಲದಿರಬಹುದು. ಎಥನಾಲ್ ಪಾಲು ಹೆಚ್ಚಿದಷ್ಟೂ ಇದು ಹೆಚ್ಚು. ಆಮೇಲೆ ಸೇರಿಸುವ ಪ್ರತಿ ಡಿಗ್ರಿಯೂ ಟಾರ್ಕ್ ಕೊಡುವುದಿಲ್ಲ, ಸಿಲಿಂಡರ್ ಒಳಗಿನ ಒತ್ತಡವನ್ನಷ್ಟೇ ಏರಿಸುತ್ತದೆ. ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಬೆಂಕಿ ಅದನ್ನು ಕೆಳಕ್ಕೆ ಒತ್ತುತ್ತದೆ. ಬಾಗುವುದು ಕನೆಕ್ಟಿಂಗ್ ರಾಡ್.

ಆದ್ದರಿಂದ ಡೈನೊ ಮೇಲೆ ಮಾತ್ರ, ಒಂದೊಂದೇ ಡಿಗ್ರಿ ಏರಿಸುತ್ತ ಟಾರ್ಕ್ ನೋಡಿ. ಟಾರ್ಕ್ ಏರುವುದು ನಿಂತ ಕಡೆಯಿಂದ ಒಂದೆರಡು ಡಿಗ್ರಿ ಹಿಂದೆ ಬನ್ನಿ. ನಾಕ್ ಸೆನ್ಸರ್ ಸುಮ್ಮನಿದೆ ಎಂಬ ಧೈರ್ಯದಲ್ಲಿ ರಸ್ತೆಯಲ್ಲಿ ಟೈಮಿಂಗ್ ಏರಿಸಬೇಡಿ. ಪ್ಲಗ್ ಒಂದು ಹಂತ ತಣ್ಣನೆಯದು (ಶಾಖವನ್ನು ಬೇಗ ಬಿಟ್ಟುಕೊಡುವಂಥದ್ದು) ಹಾಕಿ, ಎಂಜಿನ್ ಆಯಿಲ್ ಬೇಗ ಬೇಗ ಬದಲಾಯಿಸಿ. ಎಥನಾಲ್ ಆಯಿಲ್‌ಗೆ ಇಳಿಯುತ್ತದೆ, ಮುಖ್ಯವಾಗಿ ಎಂಜಿನ್ ಬಿಸಿಯಾಗುವ ಮುಂಚೆಯೇ ನಿಲ್ಲಿಸುವ ಸಣ್ಣ ಓಡಾಟಗಳಲ್ಲಿ.

ಫ್ಲೆಕ್ಸ್ ಫ್ಯುಯೆಲ್ ಸೆನ್ಸರ್ ಹಾಕಿಸಲು ಮನಸ್ಸು ಮಾಡಿ. ಸಾಮಾನ್ಯವಾಗಿ ಸಿಗುವ ಸೆನ್ಸರ್ 50 ಹರ್ಟ್ಸ್ ಎಂದರೆ ಸೊನ್ನೆ, 150 ಎಂದರೆ ಶೇ. 100 ಎಥನಾಲ್; ನಿಮ್ಮ ಟ್ಯಾಂಕ್ ಈಗ 79 ತೋರಿಸಬೇಕು. ಇಸಿಯು ಅದನ್ನು ಓದಿ ಇಂಧನ, ಟೈಮಿಂಗ್, ಬೂಸ್ಟ್ ಮೂರನ್ನೂ ತಾನೇ ಹೊಂದಿಸಿಕೊಂಡರೆ ಪ್ರತಿ ಸಲ ಕೊಳವೆಯಲ್ಲಿ ಕುಲುಕುವುದು ತಪ್ಪುತ್ತದೆ.

ಇ85 ಪ್ರಶ್ನೆಗೆ ಉತ್ತರ: ಈ ಇಂಜೆಕ್ಟರ್‌ಗಳಲ್ಲಿ ಬೇಡ. ಅದೇ ಬೂಸ್ಟ್, ಅದೇ ಲ್ಯಾಂಬ್ಡಾಗೆ ಇ30ಗಿಂತ ಇ85 ಪ್ರಮಾಣದಲ್ಲಿ ಸುಮಾರು ಶೇ. 28 ಹೆಚ್ಚು ಬೇಕು. ಈಗಿನ 82ರ ಡ್ಯೂಟಿ 105 ಆಗುತ್ತದೆ, ಅಂದರೆ ಇಂಜೆಕ್ಟರ್ ಮುಚ್ಚಲು ಹೊತ್ತೇ ಇಲ್ಲ. ಇ40ವರೆಗೆ ಹೋದರೆ ಡ್ಯೂಟಿ 85ರ ಹತ್ತಿರ ನಿಲ್ಲುತ್ತದೆ. ಆದರೆ ರೈಲ್ ಪ್ರೆಶರ್ ಈಗಲೇ 0.05 ಕಡಿಮೆ ಇರುವುದರಿಂದ ಪಂಪ್ ತನ್ನ ಮಿತಿಯಲ್ಲಿದೆ. ಮುಂದೆ ಹೋಗುವ ಮುಂಚೆ ದೊಡ್ಡ ಪಂಪ್ ಹಾಕಿಸಿ. ವೈರ್ ಈಗಾಗಲೇ ಎಳೆದಿದ್ದೀರಿ. ಹೊಸ ಪಂಪ್ ಎಳೆಯುವ ಕರೆಂಟ್‌ಗೆ ಅದರ ದಪ್ಪ, ಫ್ಯೂಸ್ ಸಾಕೇ ಎಂದು ಮಾತ್ರ ನೋಡಿಕೊಳ್ಳಿ.

ಎರಡು_ಲೀಟರ್:

ಸರಿ, ಇ30ಯಲ್ಲೇ ನಿಲ್ಲುತ್ತೇನೆ. ಪಂಪ್ ಮತ್ತು ಫ್ಲೆಕ್ಸ್ ಸೆನ್ಸರ್ ಹಾಕಿಸಿದ ಮೇಲೆ 6000ದ ಲಾಗ್ ಇಲ್ಲೇ ಹಾಕುತ್ತೇನೆ. ಜಿಡ್ಡು ಇನ್ನೂ ಕರಗಿ ಬರುತ್ತಿರಬಹುದು ಎಂದು ಇನ್ನೊಂದು ಫಿಲ್ಟರ್ ತಂದಿಟ್ಟುಕೊಂಡಿದ್ದೇನೆ.