ಕೂನೂರಿಗೆ ಹೋಗಿ ಬಂದವರು ಸ್ವಲ್ಪ ಹೇಳಿ

ವಿದ್ಯಾನಗರ, ದಾವಣಗೆರೆ:
ಅಪ್ಪ ಅಮ್ಮನನ್ನು ಕರೆದುಕೊಂಡು ಕೂನೂರಿಗೆ ಹೋಗುವ ಯೋಚನೆ ಇದೆ. ಇಬ್ಬರಿಗೂ ಮಂಡಿ ನೋವು. ಚಹಾ ತೋಟ ನೋಡುತ್ತಾ ಸುಮ್ನೆ ಕೂತರೆ ಸಾಕು ಅವರಿಗೆ. ಊಟಿಯಲ್ಲಿ ಉಳಿಯುವುದಾ, ಕೂನೂರಲ್ಲಿ ಉಳಿಯುವುದಾ? ಯಾವ ತಿಂಗಳು?

ಪಿ.ಜೆ. ಬಡಾವಣೆ, ದಾವಣಗೆರೆ:
ಕೂನೂರಲ್ಲೇ ಉಳಿಯಿರಿ. ಆದರೆ ಬಸ್ ಸ್ಟ್ಯಾಂಡ್ ಹತ್ತಿರ ರೂಮ್ ಮಾಡಬೇಡಿ, ಅಲ್ಲಿ ನಮ್ಮ ಪೇಟೆಯಷ್ಟೇ ಗದ್ದಲ. ಸಿಮ್ಸ್ ಪಾರ್ಕ್ ಕಡೆಯ ಮೇಲಿನ ಕೂನೂರಿಗೆ ಹೋಗಿ. ಅಲ್ಲಿ ಬೆಳಗ್ಗೆ ವರಾಂಡದಲ್ಲಿ ಕೂತರೆ ಮಂಜು ಸರಿಯುತ್ತಾ ಒಂದೊಂದೇ ಸಾಲು ತೋಟ ಕಾಣುತ್ತದೆ. ನನಗಂತೂ ಇಡೀ ಊರಲ್ಲಿ ಇಷ್ಟವಾಗಿದ್ದು ಅದೇ. ಪಾರ್ಕು 1874ರಷ್ಟು ಹಳೆಯದು, ಮರಗಳು ನೋಡುವಂಥವು. ಆದರೆ ಪೂರ್ತಿ ಇಳಿಜಾರು. ಮಂಡಿ ನೋವಿದ್ದವರು ಮೇಲಿನ ಬೆಂಚಲ್ಲೇ ಕೂರಲಿ.

ಒಂದು ಟೀ ಫ್ಯಾಕ್ಟರಿಗೆ ಮಾತ್ರ ತಪ್ಪದೆ ಹೋಗಿ. ಕೊಯ್ದ ಎಲೆಯನ್ನು ಮೊದಲು ಗಾಳಿಗೆ ಬಾಡಿಸುತ್ತಾರೆ, ಆಮೇಲೆ ಹೊಸಕುತ್ತಾರೆ. ಹಸಿರು ಎಲೆ ಕಂದಾಗಿ ತಿರುಗುವಾಗ ಬರುವ ವಾಸನೆ ಇದೆಯಲ್ಲ, ಅದು ಪ್ಯಾಕೆಟ್ಟಿನಲ್ಲಿ ಸಿಗುವುದಿಲ್ಲ.

ಚಿತ್ರದುರ್ಗ:
ಪುಟಾಣಿ ರೈಲು ಬಿಡಬೇಡಿ. ಮೇಟ್ಟುಪಾಳಯಂನಿಂದ ಕೂನೂರಿನವರೆಗೆ 1899ರಿಂದ ಓಡುತ್ತಿದೆ. ಕಲ್ಲಾರ್ ದಾಟಿದ ಮೇಲೆ ಹಳಿ ಮಧ್ಯದ ಹಲ್ಲಿನ ಪಟ್ಟಿಗೆ ಇಂಜಿನ್ನಿನ ಹಲ್ಲುಚಕ್ರ ಕಚ್ಚಿಕೊಂಡು ಮೇಲೆ ಹತ್ತುತ್ತದೆ. ಹಿರಿಯರಿಗೆ ಅಷ್ಟು ಹೊತ್ತು ಕೂರುವುದು ಕಷ್ಟ ಅನಿಸಿದರೆ ಕೂನೂರಿನಿಂದ ಊಟಿಗೆ ಅದೇ ರೈಲಲ್ಲಿ ಹೋಗಿ, ದಾರಿ ಚಿಕ್ಕದು. ಟಿಕೆಟ್ ಮೊದಲೇ ಮಾಡಿಸಿ. ಅಕ್ಟೋಬರ್, ನವೆಂಬರ್ ಮಳೆಗೆ ಗುಡ್ಡ ಕುಸಿದು ರೈಲು ರದ್ದಾಗುವುದುಂಟು.

ಹರಿಹರ:
ನಮ್ಮಲ್ಲಿ ಬಿಸಿಲು ಅಂತ ಮೇ ತಿಂಗಳಲ್ಲಿ ಹೋಗಬೇಡಿ. ಎಲ್ಲರಿಗೂ ಅದೇ ಐಡಿಯಾ ಬಂದಿರುತ್ತದೆ! ಜನವರಿ ಚೆನ್ನ. ಚಳಿ ಜಾಸ್ತಿ, ಸ್ವೆಟರ್ ಬೇಕೇ ಬೇಕು. ಆದರೆ ಆಗಿನ ಎಲೆಗೇ ಘಮ ಹೆಚ್ಚು, ಫ್ರಾಸ್ಟ್ ಟೀ ಅಂತ ಮಾರುತ್ತಾರೆ. ಕಾರಲ್ಲಿ ಹೋಗುವುದಾದರೆ ನೀಲಗಿರಿಗೆ ಇ-ಪಾಸ್ ಮಾಡಿಸಿ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್.

ವಿದ್ಯಾನಗರ, ದಾವಣಗೆರೆ:
ಹಾಗಾದರೆ ಜನವರಿಗೇ ಟಿಕೆಟ್ ನೋಡುತ್ತೇನೆ. ಮನೆಗೆ ಯಾವ ಚಾಪುಡಿ ತರಲಿ? ಅಪ್ಪನಿಗೆ ಹಾಲಿಲ್ಲದ ಚಾ ಗಂಟಲಲ್ಲಿ ಇಳಿಯಲ್ಲ.

ಪಿ.ಜೆ. ಬಡಾವಣೆ, ದಾವಣಗೆರೆ:
ಹಾಗಾದರೆ ಸಿಟಿಸಿ ತನ್ನಿ, ಅಂದರೆ ನಾವು ಮನೆಯಲ್ಲಿ ಹಾಲಿನ ಚಾಗೆ ಹಾಕುವ ಕಾಳುಕಾಳಾದ ಪುಡಿ. ಉದ್ದ ಎಲೆಯ ಆರ್ಥಡಾಕ್ಸ್ ಟೀಗೆ ಹಾಲು ಹಾಕಿ ಕುದಿಸಿದರೆ ದುಡ್ಡು ದಂಡ. ನಿಮಗೊಬ್ಬರಿಗೆ ನೂರು ಗ್ರಾಂ ತಗೊಳ್ಳಿ, ಸಾಕು.